ಬಂದವರ ಮುಂದೆ ಮಲಗಬಾರದು

ಇಲ್ಲ ಅಂದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಯಾಕೆ ಇಲ್ಲ ಅಂತ ಹೇಳದೆ ಹೋದವರ ಮೇಲೆ ಬರುತ್ತದೆ. ಮಾದಿಹಳ್ಳಿ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿ ಆಯಸ್ಸು ಸವೆಸಿದವಳು ನಾನು, ಲತಾಮಣಿ. ಯಾರದಾದರೂ ಹಾಲು ವಾಪಸ್ ಕಳಿಸಬೇಕಾದರೆ ಲ್ಯಾಕ್ಟೋಮೀಟರ್ ಎತ್ತಿ ತೋರಿಸಿ, ಇಗೋ ನೋಡಪ್ಪ ಇದಕ್ಕೆ, ಅಂತ ಹೇಳಿಯೇ ಕಳಿಸುತ್ತಿದ್ದೆ. ಬೈಸಿಕೊಂಡಿದ್ದೇನೆ, ಆದರೆ ಯಾರನ್ನೂ ‘ಯಾಕಿರಬಹುದು’ ಅಂತ ಯೋಚಿಸುತ್ತಾ ಮನೆಗೆ ಹೋಗಲು ಬಿಟ್ಟಿಲ್ಲ.

ಅರಸೀಕೆರೆಯ ಧರಣೇಂದ್ರಯ್ಯ ಸ್ಮಾರಕ ಪ್ರತಿಷ್ಠಾನದವರು ಹೋದ ವರ್ಷ ನಮ್ಮ ಅರ್ಜಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದರು. ನಿಮ್ಮ ಸೇವೆ ಮೆಚ್ಚತಕ್ಕದ್ದು, ಆದರೆ ಈ ಸಲ ಹೆಚ್ಚಿನ ಅಗತ್ಯ ಇರುವ ಕಡೆಗೆ ಆದ್ಯತೆ ಕೊಡಲಾಗಿದೆ ಅಂತ. ನಮಗಿಂತ ಹೆಚ್ಚಿನ ಅಗತ್ಯ! ನಮ್ಮ ‘ಆಸರೆ ಬಳಗ’ ನೋಡಿಕೊಳ್ಳುವುದೇ ಹಾಸಿಗೆ ಬಿಟ್ಟು ಏಳಲಾಗದವರನ್ನು. ಲಕ್ವ ಹೊಡೆದವರು, ತೆಂಗಿನ ಮರದಿಂದ ಬಿದ್ದವರು, ವಯಸ್ಸಾಗಿ ಸೊಂಟ ಮುರಿದುಕೊಂಡವರು. ಅವರ ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ, ಗಾಯ ತೊಳೆದು, ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಹೇಳಿಕೊಟ್ಟು ಬರುವ ನರ್ಸು ಸೌಂದರ್ಯ. ಬಳಗ ಎಂದರೆ ಮುಕ್ಕಾಲು ಪಾಲು ಅವಳೇ. ಇದಕ್ಕಿಂತ ಹೆಚ್ಚಿನ ಅಗತ್ಯ ಇವರಿಗೆ ಯಾವ ಊರಲ್ಲಿ ಸಿಕ್ಕಿತು ಅನ್ನುವುದು ನನ್ನ ತಲೆಗೆ ಹೊಕ್ಕ ಹುಳ. ಒಂದು ವರ್ಷ ಕೊರೆಯಿತು.

ಈ ವರ್ಷ ಅದು ಬರೀ ಕುತೂಹಲವಾಗಿ ಉಳಿಯಲಿಲ್ಲ. ಸೌಂದರ್ಯಳ ಸಂಬಳ ಕೊಡುತ್ತಿದ್ದ ಕಂಪನಿಯವರು ಯುಗಾದಿ ಹೊತ್ತಿಗೆ ಕೈ ತೊಳೆದುಕೊಂಡರು. ಹಾಸನದ ಒಂದು ನರ್ಸಿಂಗ್ ಹೋಮಿನವರು ಅವಳನ್ನು ಕರೆಯುತ್ತಲೇ ಇದ್ದರು. “ತಿಂಗಳ ಕೊನೆವರೆಗೂ ನೋಡ್ತೀನಿ ಅಮ್ಮ, ಆಮೇಲೆ ನನ್ನನ್ನ ತಪ್ಪು ತಿಳ್ಕೋಬೇಡಿ” ಅಂದಳು. ತಪ್ಪು ತಿಳಿಯುವುದೇನು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಅವಳು ಹೋದರೆ ಮೊದಲು ಏಟು ಬೀಳುವುದು ಜವರಯ್ಯನಿಗೆ. ನಮ್ಮೂರಿನವನೇ, ನನ್ನ ತಮ್ಮನ ವಯಸ್ಸು. ಮರ ಹತ್ತಿ ಕಾಯಿ ಕೆಡವುವುದರಲ್ಲಿ ಅವನನ್ನು ಬಿಟ್ಟರಿಲ್ಲ ಅನ್ನಿಸಿಕೊಂಡಿದ್ದವನು ಒಂದು ದಿನ ಮರದಿಂದಲೇ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಹೀಗಿರುವವರಿಗೆ ಒಂದೇ ಕಡೆ ಭಾರ ಬಿದ್ದರೆ ಒಳಗೇ ಮಾಂಸ ಕೊಳೆಯುತ್ತದೆ, ಹಾಸಿಗೆ ಹುಣ್ಣು ಅನ್ನುತ್ತಾರೆ. ಅವನಿಗೆ ಕುಂಡಿಯ ಮೇಲೆ ಆಗಿದ್ದ ಹುಣ್ಣಿನಲ್ಲಿ ನನ್ನ ಮುಷ್ಟಿ ಹಿಡಿಸುತ್ತಿತ್ತು. ನಂಜೇರಿ ಹಾಸನದ ಆಸ್ಪತ್ರೆಯಲ್ಲಿ ಸತ್ತು ಬದುಕಿ ಬಂದ. ಸಂಕ್ರಾಂತಿಯಿಂದ ಹಿಡಿದು ಸೌಂದರ್ಯ ದಿನ ಬಿಟ್ಟು ದಿನ ಹೋಗಿ ತೊಳೆದು, ಕಟ್ಟಿ, ಕಾದು, ಅಂತೂ ಅದನ್ನು ಮುಚ್ಚಿಸಿದ್ದಳು. ಮೇಲೆ ಬಂದಿದ್ದ ಹೊಸ ಚರ್ಮ ಈರುಳ್ಳಿ ಪೊರೆಯಷ್ಟು ತೆಳ್ಳಗಿತ್ತು. ಅದು ಗಟ್ಟಿಯಾಗುವ ತನಕ ಅವನನ್ನು ಕೂರಿಸಲೇಬಾರದು ಅಂತ ಅವಳ ಕಟ್ಟಪ್ಪಣೆ.

ಅರ್ಜಿ ಕೊಡಲು ನಾನೇ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋದೆ. ಪ್ರತಿಷ್ಠಾನದ ಆಫೀಸು ಇರುವುದು ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ಕೊಬ್ಬರಿಯ ವಾಸನೆ ಸೀರೆಗೆಲ್ಲ ಅಂಟಿಕೊಳ್ಳುತ್ತದೆ. ಅಲ್ಲಿನ ಮ್ಯಾನೇಜರ್ ಪದ್ಮಕುಮಾರ ನೋಂದಣಿ ಪತ್ರ, ಆಡಿಟ್ ವರದಿ, ತೆರಿಗೆ ವಿನಾಯಿತಿಯ ಕಾಗದ ಎಲ್ಲವನ್ನೂ ಒಂದೊಂದಾಗಿ ತಿರುವಿದರು. ‘ನೆರವು ಸಿಗದಿದ್ದರೆ ಏನಾಗುತ್ತದೆ’ ಅನ್ನುವ ಕಡೆ ಕೈ ನಿಂತಿತು. ಉಳಿದವರು ಅಲ್ಲಿ ಪುಟಗಟ್ಟಲೆ ಬರೆಯುತ್ತಾರಂತೆ. ನಾನು ಬರೆದಿದ್ದು, ನರ್ಸು ಹೋಗುತ್ತಾಳೆ, ಜವರಯ್ಯನ ಹುಣ್ಣು ಮತ್ತೆ ಬಾಯಿ ಬಿಡುತ್ತದೆ, ಅಷ್ಟೇ.

“ಪೇಪರೆಲ್ಲ ಸರಿಯಾಗಿದೆ ಮೇಡಂ” ಅಂದರು.

“ಹೋದ್ ವರ್ಷ ಏನು ಸರಿ ಇರ್ಲಿಲ್ಲ?”

“ಹೋದ್ ವರ್ಷನೂ ಸರಿಯಾಗೇ ಇತ್ತು.”

“ಮತ್ಯಾಕ್ರೀ ಕೊಡ್ಲಿಲ್ಲ?”

ಅವರು ನಕ್ಕು ಕೈ ಮೇಲೆತ್ತಿದರು. “ನಮ್ಮ ಕಾಂಚನಮಾಲಾ ಅಮ್ಮನವರು, ಧರಣೇಂದ್ರಯ್ಯನವರ ಸೊಸೆ, ಹಳೇಬೀಡಿಂದ ತಾವೇ ಬಂದು ಮನೆ ಮನೆ ನೋಡ್ತಾರೆ. ಅವರು ನೋಡಿ ಏನು ಹೇಳ್ತಾರೋ ಅದು. ಅವರು ಏನು ನೋಡ್ತಾರೆ ಅನ್ನೋದು ನಮಗೂ ತಿಳಿಯಲ್ಲ.”

ಸರಿ ಹೋಯ್ತು. ಹೋದ ವರ್ಷ ಆಯಮ್ಮ ಬಂದಾಗ ನಾನು ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆ. ಸೌಂದರ್ಯ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಬಳಗದ ಹುಡುಗರಿಬ್ಬರು ಮನೆಗಳಿಗೆ ಕರೆದುಕೊಂಡು ಹೋಗಿ, “ಎಲ್ಲಾ ಭರ್ಜರಿಯಾಗಾಯ್ತು ಲತಕ್ಕ” ಅಂತ ಫೋನಿನಲ್ಲಿ ಹೇಳಿದ್ದರು. ಭರ್ಜರಿಯಾದ ಮೇಲೆ ಬಂದದ್ದು ಆ ಎರಡು ಸಾಲು.

ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಬೇಲೂರಿಗೆ ಹೋಗಿ ಇಂದುಧರ ಅವರನ್ನು ಹಿಡಿದೆ. ಬುದ್ಧಿ ಬೆಳೆಯದ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಒಂದು ಮನೆ ನಡೆಸುತ್ತಾರೆ ಅವರು, ಯಗಚಿ ಸೇತುವೆ ಹತ್ತಿರ. ಹೋದ ವರ್ಷ ಪ್ರತಿಷ್ಠಾನದ ನೆರವು ಸಿಕ್ಕಿದ್ದು ಅವರಿಗೇ.

“ಆಯಮ್ಮ ಬಂದಾಗ ಏನೇನು ತೋರಿಸಿದ್ರಿ, ಮುಚ್ಚುಮರೆ ಇಲ್ದೆ ಹೇಳಿ” ಅಂದೆ.

“ಏನ್ ತೋರ್ಸೋದು ಕಣ್ರೀ? ನಮ್ ಮಕ್ಳು ಪ್ರಧಾನಿ ಬಂದ್ರೂ ಕ್ಯಾರೇ ಅನ್ನಲ್ಲ. ಒಬ್ಬ ನೆಲದ ಮೇಲೆ ಹೊರಳಾಡ್ತಿದ್ದ, ಇನ್ನೊಬ್ಬಳು ಅವರ ಸೆರಗಿಗೆ ಮೂಗು ಒರೆಸಿದ್ಲು. ನಾನು ಹೋಯ್ತು ಕತೆ ಅನ್ಕೊಂಡೆ.”

“ಏನ್ ಕೇಳಿದ್ರು?”

“ತಲೆಬುಡ ಇಲ್ಲದ್ದು. ಭಾನುವಾರ ಈ ಮಕ್ಕಳ ತಾಯಂದಿರು ಏನು ಮಾಡ್ತಾರೆ ಅಂತ ಕೇಳಿದ್ರು. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂದೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನೇ ಮೆಲುಕು ಹಾಕಿದೆ. ಗೊತ್ತಿಲ್ಲ ಅಂದವನಿಗೆ ಕೊಟ್ಟಿದ್ದಾಳೆ, ಭರ್ಜರಿಯಾಗಿ ನಡೆಸಿಕೊಟ್ಟವರಿಗೆ ಇಲ್ಲ ಅಂದಿದ್ದಾಳೆ. ಎಂಥಾ ಹೆಂಗಸು ಇವಳು ಅಂತ ನೋಡಲೇಬೇಕು ಅನ್ನಿಸಿತು. ಸಂಬಳದ ಚಿಂತೆಗಿಂತ ಒಂದು ಕೈ ಹೆಚ್ಚಾಗಿಯೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಗುರುವಾರ ಮಧ್ಯಾಹ್ನ ಕಾಂಚನಮಾಲಾ ಕಾರಿನಲ್ಲಿ ಬಂದರು. ಬಿಳಿ ಹತ್ತಿ ಸೀರೆ, ಕನ್ನಡಕ, ಕೈಯಲ್ಲಿ ಕಾಗದವೂ ಇಲ್ಲ ಪೆನ್ನೂ ಇಲ್ಲ. ಸುಮಾರು ನನ್ನದೇ ವಯಸ್ಸು. ಮೊದಲು ಜವರಯ್ಯನ ಮನೆ, ಆಮೇಲೆ ಅವನ ಹಾಗೇ ಹಾಸಿಗೆ ಹಿಡಿದಿರುವ ಹನುಮಯ್ಯನ ಮನೆ ಅಂತ ಹೇಳಿದೆ. ಸೌಂದರ್ಯ ಸ್ಕೂಟರಿನಲ್ಲಿ ಹಿಂದೆಯೇ ಬಂದಳು. ಹಿಂದಿನ ದಿನವೇ ನಾನು ಎಲ್ಲರ ಮನೆಗೂ ಹೇಳಿ ಕಳಿಸಿದ್ದೆ, ದೊಡ್ಡವರು ನೋಡಲು ಬರುತ್ತಾರೆ, ಇರುವ ಹಾಗೇ ಇರಿ ಅಂತ.

ಬಾಗಿಲು ದಾಟಿದ್ದೇ ಸೌಂದರ್ಯ ನನ್ನ ಮೊಣಕೈ ಹಿಡಿದುಕೊಂಡಳು.

ನಡುಮನೆಯಲ್ಲಿ, ಗೋಡೆಗೆ ಆನಿಸಿದ ಮರದ ಕುರ್ಚಿಯಲ್ಲಿ, ಜವರಯ್ಯ ಕೂತಿದ್ದ. ಗಡ್ಡ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು. ಹೆಗಲ ಮೇಲೆ ಶಾಲು ಬೇರೆ. ಶಾಲಿನ ಅಡಿಯಲ್ಲಿ ಒಂದು ಟವೆಲ್ಲು ಅವನ ಹೊಟ್ಟೆ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದಿತ್ತು, ಮುಂದಕ್ಕೆ ಮುಗ್ಗರಿಸದ ಹಾಗೆ. ಗಾಳಿ ಹಾಸಿಗೆಯ ಮಂಚಕ್ಕೆ ಜಮಖಾನೆ ಹೊದಿಸಿ ಮುಚ್ಚಿದ್ದರು.

“ಬರ್ಬೇಕು ಬರ್ಬೇಕು” ಅಂದ, ಮನೆ ಯಜಮಾನನ ಗತ್ತಿನಲ್ಲಿ. “ಎದ್ದೇಳಕ್ಕಾಗಲ್ಲ, ತಪ್ಪು ತಿಳೀಬ್ಯಾಡಿ.”

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಅವನ ಹೆಂಡತಿ ಹುಚ್ಚಮ್ಮನನ್ನು ಹಿಡಿದೆ. “ಏನೇ ಇದು? ಇರೋ ಹಂಗೇ ಇರಿ ಅಂತ ಹೇಳಿ ಕಳಿಸಿರ್ಲಿಲ್ವಾ?”

“ನಾನೇನ್ ಮಾಡ್ಲಿ ಅಕ್ಕ” ಅಂತ ಅವಳು ಸೆರಗಿನ ತುದಿ ತಿರುಚಿದಳು. “ಅಂತೋರು ಬಾಗ್ಲಿಗೆ ಬತ್ತಾರೆ, ನಾನು ಅವರ ಮುಂದೆ ಕಾಲು ನೀಡ್ಕಂಡು ಮಲ್ಗಿರ್ಲಾ, ಹೆಣದಂಗೆ? ಅಂದ್ರು. ಪಕ್ಕದ ಮನೆಯೋರ್ನ ಕರ್ದು ಎತ್ತಿಸಿ ಕುಂಡ್ರಿಸ್ದೆ. ಊಟ ಆದಾಗ್ನಿಂದ ಕುಂತವ್ರೆ.”

ಊಟ ಆದಾಗಿನಿಂದ! ನಡುಮನೆಗೆ ಬಂದೆ. ಇನ್ನೇನು, ಆಯಮ್ಮ ಎರಡು ಮಾತಾಡಿ ಏಳುತ್ತಾರೆ, ಎದ್ದ ತಕ್ಷಣ ಮಲಗಿಸಿದರಾಯಿತು ಅಂತ ಸಮಾಧಾನ ಹೇಳಿಕೊಂಡೆ. ಆದರೆ ಕಾಂಚನಮಾಲಾ ಏಳುವ ಲಕ್ಷಣವೇ ಕಾಣಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೇಲೆ ಅಟ್ಟ ನೋಡುತ್ತಿದ್ದರು.

“ಅಟ್ಟದಲ್ಲಿ ಕಾಯಿ ಹಾಕಿದೀರಾ?” ಅಂತ ಕೇಳಿದರು.

“ಹೂಂ ಕಣಮ್ಮೋರೆ. ನಮ್ಮೋಳು ಹಾಕವ್ಳೆ. ಕೊಬ್ರಿ ಆಗಕ್ಕೆ ಇನ್ನೂ ಟೈಮ್ ಐತೆ.”

“ನಮ್ಮ ಮಾವನವರು ಅಲ್ಲಾಡಿಸಿ ಕಿವಿ ಹತ್ರ ಇಟ್ಕೊಂಡು ಹೇಳ್ತಿದ್ರು. ನಂಗೆ ಇವತ್ತಿಗೂ ಬರಲ್ಲ ಅದು.”

“ನಿಮ್ಮ ಮಾವ್ನೋರ ಮಂಡಿಗೇ ನಾನು ಗಾಡಿ ಹೊಡ್ಕಂಡು ಬತ್ತಿದ್ದೆ” ಅಂದ ಜವರಯ್ಯ. ಅವನ ಮುಖ ಅರಳಿತು. “ಮಹಾ ಖಡಕ್ಕು. ಒಂದು ಕೊಬ್ರಿ ಬೂಷ್ಟು ಹಿಡ್ದಿದ್ರೆ ಇಡೀ ಮೂಟೆನೇ ಮಗುಚಿ ಹಾಕೋರು. ನಾವೂ ಕಮ್ಮಿ ಇರ್ಲಿಲ್ಲ ಬಿಡಿ, ಕೆಟ್ಟಿದ್ನ ತಳಕ್ಕೆ ಹಾಕ್ತಿದ್ವಿ.”

ಕಾಂಚನಮಾಲಾ ನಕ್ಕರು. ಬಾಯಿಗೆ ಸೆರಗು ಹಿಡಿದು, ಹುಡುಗಿಯ ಹಾಗೆ ನಕ್ಕರು. ಅಷ್ಟೇ, ಶುರುವಾಯಿತು. ಮರ ಹತ್ತುವಾಗ ಗಾಳಿ ಬಂದರೆ ಏನು ಮಾಡುತ್ತಿದ್ದಿರಿ, ಮೇಲಿಂದ ಹಳೇಬೀಡಿನ ಕೆರೆ ಕಾಣುತ್ತಿತ್ತಾ, ಕಣಜದ ಹುಳ ಕಚ್ಚಿದರೆ ಕೈ ಬಿಡದೆ ಇರುವುದು ಹೇಗೆ. ಆ ಹೆಂಗಸಿನ ಕುತೂಹಲಕ್ಕೆ ಕೊನೆಯೇ ಇರಲಿಲ್ಲ. ನಾನು ನನ್ನ ಕುತೂಹಲವೇ ದೊಡ್ಡದು ಅಂದುಕೊಂಡಿದ್ದೆ. ಜವರಯ್ಯನೂ ಬಿದ್ದ ಮೇಲೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಕೈ ಬೀಸಿ, ಕಣ್ಣರಳಿಸಿ, ಒಂದೊಂದು ಮರದ ಹೆಸರು ಹೇಳಿ ಕತೆ ಹೇಳುತ್ತಿದ್ದ. ನೋಡಿದವರಿಗೆ ಇವನಿಗೆ ಏನೂ ಆಗಿಲ್ಲ ಅನ್ನಿಸಬೇಕು.

ಸೌಂದರ್ಯ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ಗಟ್ಟಿ ಹಲಗೆ ನೋಡುತ್ತಿದ್ದಳು. ನನ್ನ ಕಡೆ ತಿರುಗಿ ಕಣ್ಣಲ್ಲೇ ಬೇಡಿಕೊಂಡಳು.

“ಮೇಡಂ, ಹನುಮಯ್ಯನ ಮನೆಯೂ ನೋಡ್ಬೇಕು” ಅಂದೆ.

“ನೋಡೋಣ, ಅವಸರ ಇಲ್ಲ” ಅಂದರು.

ಸ್ವಲ್ಪ ಹೊತ್ತು ಬಿಟ್ಟು, “ಜವರಯ್ಯಂಗೆ ಸುಸ್ತಾಗಿರಬೋದು” ಅಂದೆ.

“ನಂಗ್ಯಾತರ ಸುಸ್ತು ಲತಕ್ಕ? ಕುಂತ್ಕಳ್ಳಿ ಸುಮ್ಕೆ” ಅಂತ ಜವರಯ್ಯ ನನ್ನನ್ನೇ ಗದರಿಸಿದ. ಅವನಿಗೆ ನೋವಾಗುವುದಿಲ್ಲವಲ್ಲ. ನೋವಾಗಿದ್ದರೆ ಅವನೇ ಹೇಳುತ್ತಿದ್ದ. ಕೆಳಗೆ ಚರ್ಮ ಸಾಯುತ್ತಿದ್ದರೂ ಮೇಲೆ ಅವನು ಕೊಬ್ಬರಿ ಕತೆ ಹೇಳಿಕೊಂಡು ನಗುತ್ತಿದ್ದ.

ಗಾಯದ ವಿಷಯ ಎತ್ತೋಣ ಅಂದರೆ ಅವನು ಅಂಗಿಯ ಗುಂಡಿ ಮೇಲಿನವರೆಗೂ ಹಾಕಿಕೊಂಡು ಕೂತಿದ್ದಾನೆ. ಎತ್ತಿದರೆ ಆಯಮ್ಮನ ಮುಂದೆ ಅವನು ಆ ಕುರ್ಚಿಯಿಂದ ನೆಲಕ್ಕೆ ಬಿದ್ದ ಹಾಗೆ. ಎತ್ತದೆ ಇದ್ದರೆ ಸಂಕ್ರಾಂತಿಯಿಂದ ಮಾಡಿದ ಕೆಲಸ ಹಲಗೆಯ ಮೇಲೆ ಅರೆದು ಹೋಗುತ್ತದೆ. ಹಾಗಂತ ಬಂದವರಿಗೆ ಹೊರಡಿ ಅನ್ನುವುದೆ? ನಮ್ಮ ಕಡೆ ನಾಯಿಗೂ ಹಾಗೆ ಹೇಳುವುದಿಲ್ಲ, ಊಟ ಹಾಕಿ ಕಳಿಸುತ್ತಾರೆ. ಅದೂ ಯಾರಿಗೆ? ಸೌಂದರ್ಯಳ ಸಂಬಳ ಯಾರ ಬಾಯಿಂದ ಬರಬೇಕೋ ಅವರಿಗೆ. ಅವರು ಇಷ್ಟು ಖುಷಿಯಾಗಿ ಕೂತಿರುವಾಗ.

“ಅಂದ್ರೆ ಮರದ ಮೇಲೇ ಒಣಗಿದ ಹೆಡೆ, ಗರಿ ಎಲ್ಲ...” ಅಂತ ಕಾಂಚನಮಾಲಾ ಇನ್ನೊಂದು ಪ್ರಶ್ನೆ ತೆಗೆದರು.

“ಮೇಡಂ” ಅಂದೆ. ದನಿ ಡೇರಿಯಲ್ಲಿ ಕೂಗುತ್ತಿದ್ದಷ್ಟು ದೊಡ್ಡದಾಗಿ ಬಂತು. “ಏಳಿ. ಎದ್ದು ಆಚೆ ಹೋಗಿ.”

ಹುಚ್ಚಮ್ಮ ಬಾಗಿಲಲ್ಲಿ ಲೋಟ ಹಿಡಿದು ನಿಂತವಳು ನಿಂತೇ ಇದ್ದಳು. ಕಾಂಚನಮಾಲಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮಂಡಿಗೆ ಕೈ ಊರಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಜಗಲಿಗೆ ಹೋದರು. ನಾನು ಬಾಗಿಲು ಹಾಕಿಕೊಂಡೆ.

“ಲತಕ್ಕಾ!” ಜವರಯ್ಯನ ಕಣ್ಣು ಕೆಂಡವಾಗಿತ್ತು. “ಮನೆಗೆ ಬಂದೋರ್ನ ಎಬ್ಬಿಸಿ ಆಚೆಗಟ್ಟಿದ್ಯಲ್ಲ! ನನ್ ಮಾನ ತೆಗ್ದೆ!”

ಅಲ್ಲಿಯವರೆಗೆ ನನಗೆ ನೀವು ಅನ್ನುತ್ತಿದ್ದವನು. “ಆಮೇಲೆ ಬೈಯುವಂತೆ” ಅಂದೆ. ಸೌಂದರ್ಯ ಟವೆಲ್ಲು ಬಿಚ್ಚಿದಳು. ಮೂವರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಬೋರಲು ಮಲಗಿಸಿದೆವು. ಅವಳು ಪಂಚೆ ಸರಿಸಿದಳು. ನಾನು ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಗೊತ್ತಿದ್ದ ದೇವರನ್ನೆಲ್ಲ ಕರೆದೆ, ಮಾಲೇಕಲ್ಲು ತಿಮ್ಮಪ್ಪನಿಂದ ಹಿಡಿದು.

“ಕೆಂಪಗಾಗಿದೆ” ಅಂದಳು. ಬೆರಳಿಟ್ಟು ಒತ್ತಿ, ಬಿಟ್ಟು, ಬಗ್ಗಿ ನೋಡಿದಳು. ಮತ್ತೆ ಒತ್ತಿದಳು. “ಒತ್ತಿದ್ರೆ ಕೆಂಪು ಹೋಗಿ ಮತ್ತೆ ಬರ್ತಿದೆ ಅಮ್ಮ. ಚರ್ಮ ಸತ್ತಿಲ್ಲ, ಒಡೆದಿಲ್ಲ. ಇನ್ನೊಂಚೂರು ಕೂತಿದ್ರೆ ಹೋಗಿರೋದು.”

ಹುಚ್ಚಮ್ಮ ಅಲ್ಲೇ ನೆಲಕ್ಕೆ ಕುಸಿದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಜವರಯ್ಯ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಮಲಗಿದ. ನನಗೂ ಅಳು ಬಂತು, ಸಿಟ್ಟಿನ ಅಳು. ಅಗತ್ಯ ತೋರಿಸಬೇಕಾದ ದಿನವೇ ಅಗತ್ಯವನ್ನು ಜಮಖಾನೆ ಹೊದಿಸಿ ಮುಚ್ಚುವ ಜನ ನಾವಲ್ಲದೆ ಇನ್ಯಾರು?

ಹೊರಗೆ ಬಂದಾಗ ಕಾಂಚನಮಾಲಾ ಕಾರಿನಲ್ಲಿ ಕೂತಿರಲಿಲ್ಲ. ಜಗಲಿ ಕಂಬ ಹಿಡಿದು ನಿಂತಿದ್ದರು.

“ನನ್ನನ್ನ ಯಾರೂ ಹೀಗೆ ಏಳಿ ಅಂದಿಲ್ಲ” ಅಂದರು. ಕೋಪ ಕಾಣಲಿಲ್ಲ, ತಿಳಿಯಬೇಕು ಅನ್ನುವ ಹಟ ಕಂಡಿತು. “ಯಾಕೆ ಅಂದ್ರಿ?”

ಹೇಳಿದೆ. ಹುಣ್ಣು, ಹೊಸ ಚರ್ಮ, ಮರದ ಹಲಗೆ, ಟವೆಲ್ಲು, ಊಟ ಆದಾಗಿನಿಂದ ಕೂತಿದ್ದದ್ದು. ನಿಮ್ಮ ಮುಂದೆ ಮಲಗಿರುವುದು ಮರ್ಯಾದೆಯಲ್ಲ ಅಂತ ಅವನು ಕೂತ, ನೀವು ಏಳುವ ತನಕ ಮಲಗುವ ಹಾಗಿರಲಿಲ್ಲ, ಅದಕ್ಕೆ ಏಳಿಸಿದೆ. ನೆರವು ಕೊಡದಿದ್ದರೆ ಬಿಡಿ, ಸೌಂದರ್ಯ ಹಾಸನದ ನರ್ಸಿಂಗ್ ಹೋಮಿಗೆ ಹೋಗುತ್ತಾಳೆ, ಆದರೆ ಯಾಕೆ ಅಂತ ಈ ಸಲ ಬಾಯಿ ಬಿಟ್ಟು ಹೇಳಿ ಅಂತಲೂ ಸೇರಿಸಿದೆ.

“ಹೋದ್ ವರ್ಷ ನಿಮ್ಮಲ್ಲಿ ನಾನು ನೋಡಿದ ಮನೆಯಲ್ಲೆಲ್ಲ ಕುರ್ಚಿ ಮೇಲೆ ಕೂತಿದ್ರು” ಅಂದರು. “ಒಳ್ಳೆ ಬಟ್ಟೆ, ಮುಖಕ್ಕೆ ಪೌಡರು. ಒಬ್ಬಜ್ಜಿ ರೇಷ್ಮೆ ಸೀರೆ ಉಟ್ಕೊಂಡಿದ್ರು. ಚೆನ್ನಾಗಿದೀವಿ ಅಂತ ಎಲ್ಲರೂ ಹೇಳಿದ್ರು. ನಾನು ಹೋಗಿ, ಇವರು ಎದ್ದು ಕೂರೋ ಮಟ್ಟಕ್ಕೆ ಬಂದಿದಾರೆ, ದುಡ್ಡು ಏಳಲಾಗದೋರ ಕಡೆ ಹೋಗ್ಲಿ ಅಂತ ಹೇಳ್ದೆ.”

ಒಂದು ವರ್ಷ ನನ್ನ ತಲೆ ಕೊರೆದ ಹುಳ ಇದು. ಉತ್ತರ ಸಿಕ್ಕಿತು, ಆದರೆ ಸಿಕ್ಕಿದ್ದಕ್ಕೆ ಸಂತೋಷವಾಗಲಿಲ್ಲ.

“ಅವತ್ತು ನಾನು ಹೋದ ಮೇಲೆ ಅವರಿಗೆಲ್ಲ ಏನಾಯ್ತು?” ಅಂತ ಕೇಳಿದರು.

“ಗೊತ್ತಿಲ್ಲ” ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಧೈರ್ಯವೂ ಇರಲಿಲ್ಲ.

ಅವರು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ಹೋದರು, ಒಳಗೆ ಕಾಲಿಡಲಿಲ್ಲ. “ಜವರಯ್ಯ, ಬರ್ಲಾ? ನೀವು ಮಲಗೇ ಇರ್ಬೇಕು. ಎದ್ರೆ ನಾನು ಬರಲ್ಲ.”

ಸೌಂದರ್ಯ ಅವನ ಕಾಲ ಮೇಲೆ ಹೊದಿಕೆ ಎಳೆದಳು.

“ಹಿಂಗ್ ನೋಡ್ಬೇಕಾ ನನ್ನ?” ಅಂದ ಜವರಯ್ಯ, ದಿಂಬಿನೊಳಗಿಂದ.

“ಗಾಯ ನೋಡಕ್ಕೆ ಬರ್ತಿಲ್ಲ. ಹೆಡೆ ಕೆಡವೋ ವಿಷಯ ಅರ್ಧಕ್ಕೇ ನಿಂತೋಯ್ತಲ್ಲ.”

ಅವನು ದಿಂಬಿನಿಂದ ಮುಖ ಎತ್ತಿ ಈ ಕಡೆಗೆ ಹೊರಳಿಸಿದ. “ಬನ್ನಿ” ಅಂದ. “ಹುಚ್ಚೀ, ಚಾಪೆ ಈ ಕಡೀಕ್ ಹಾಕು, ತಲೆದೆಸೆಗೆ.”

ಕಾಂಚನಮಾಲಾ ಅವನ ತಲೆಯ ಹತ್ತಿರ ನೆಲದ ಮೇಲೆ ಕೂತರು. ಅವನು ಮಲಗಿಕೊಂಡೇ ಹೇಳಿದ, ಅವರು ಬಗ್ಗಿ ಕೇಳಿದರು. ಮನೆಗೆ ಬಂದವರನ್ನು ಅವನು ಮಲಗಿ ಮಾತಾಡಿಸಿದ್ದು ಬಿದ್ದ ಮೇಲೆ ಅದೇ ಮೊದಲು ಅಂತ ಹುಚ್ಚಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಹೊರಡುವಾಗ ಅವರು ಸೌಂದರ್ಯಳ ಭುಜ ಮುಟ್ಟಿದರು. “ಹಾಸನದೋರಿಗೆ ಬರಲ್ಲ ಅಂತ ಹೇಳಮ್ಮ. ಟ್ರಸ್ಟಿನಲ್ಲಿ ಎಲ್ಲರೂ ನಾನು ಕಂಡಿದ್ದನ್ನ ನಂಬಿದ್ರು. ತಪ್ಪು ಕಂಡೆ ಅಂತ ಹೇಳೋದೂ ನನ್ನ ಕೆಲಸ. ನಿನ್ನ ಸಂಬಳ ಮಾಡಿಸದೆ ನಾನು ಆಫೀಸಿನ ಮೆಟ್ಟಿಲು ಇಳಿಯಲ್ಲ.”

ಸೌಂದರ್ಯ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

ಕಾರಿನ ಬಾಗಿಲು ತೆಗೆದವರು ಅಲ್ಲೇ ನಿಂತರು. “ಮುಂದಿನ ಮನೆಗೆ ಫೋನ್ ಮಾಡಿ ಲತಾಮಣಿಯವರೇ. ಯಾರನ್ನೂ ಎಬ್ಬಿಸಬೇಡಿ ಅನ್ನಿ.”

ಹನುಮಯ್ಯನ ಸೊಸೆ ಹೇಮಾಶ್ರೀಗೆ ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

“ಹೇಮಾ, ಮಾವನ್ನ ಹಾಸಿಗೆ ಮೇಲೇ ಇರಕ್ಕೆ ಬಿಡು, ಕೂರಿಸ್ಬೇಡ.”

“ಅಯ್ಯೋ ಲತಕ್ಕ” ಅಂದಳು ಹೇಮಾಶ್ರೀ, ಹೆಮ್ಮೆಯಿಂದ. “ಬೆಳಿಗ್ಗೆನೇ ಎಬ್ಬಿಸಿ ಕೂರ್ಸಿ ರೆಡಿ ಮಾಡಿದೀವಲ್ಲ. ಎಷ್ಟೊತ್ಗೆ ಬತ್ತೀರಾ ಅಂತ ಅವಾಗಿಂದ ಬಾಗ್ಲೇ ನೋಡ್ತವ್ರೆ.”

ಫೋನಿನ ದನಿ ಕಾಂಚನಮಾಲಾ ಅವರಿಗೂ ಕೇಳಿಸಿತ್ತು.

“ಸೌಂದರ್ಯ, ಸ್ಕೂಟರ್ ಇಲ್ಲೇ ಬಿಡು. ಕಾರು ಹತ್ತು” ಅಂದರು. “ಬೇಗ.”